ಫ್ರೆಂಚ್ ಮಾತಾಡುತ್ತಿದ್ದ ಊರು

ನಾವಿರುವ ಊರಿಗೆ ಇರುವುದು ಒಂದೇ ಬೀದಿ. ದಕ್ಷಿಣ ಜರ್ಮನಿಯ ಒಂದು ಸುಣ್ಣಕಲ್ಲಿನ ದಿಬ್ಬದ ಮೇಲೆ, ಬೀದಿಯ ಎರಡೂ ಬದಿಗೆ ಸಾಲುಮನೆಗಳು. ಪ್ರತಿ ಮನೆಯ ಹಿಂದೆ ಹುಲ್ಲು ಒಟ್ಟುವ ದೊಡ್ಡ ಕೊಟ್ಟಿಗೆ, ಅದರ ಹಿಂದೆ ಪಟ್ಟಿ ಹರಿದಂತೆ ಇಳಿಜಾರಿಗೆ ಇಳಿಯುವ ಹೊಲ. ನನ್ನ ಉದ್ಯೋಗ ಮಣ್ಣಿನ ಪರೀಕ್ಷೆ. ಹಾಗಾಗಿ ಬಂದ ವಾರವೇ ಹಿತ್ತಲಲ್ಲಿ ಅಗೆದು ನೋಡಿದೆ. ಒಂದು ಗೇಣು ಹೋಗುವುದರೊಳಗೆ ಕಲ್ಲು ಸಿಕ್ಕಿತು. ಒಳ್ಳೆಯ ಮಣ್ಣೆಲ್ಲ ಕೆಳಗೆ, ಹೊಳೆಯ ಪಕ್ಕದ ಊರಿನವರದು.

ಇಂಥ ಜಾಗದಲ್ಲಿ ಯಾಕೆ ಊರು ಕಟ್ಟಿದರು ಎಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಎಂಬತ್ತು ದಾಟಿದ, ಗಂಡ ತೀರಿಕೊಂಡ ಮೇಲೂ ಎರಡು ಹಸು ಉಳಿಸಿಕೊಂಡ ಹೆಂಗಸು. ಕಟ್ಟಿದ್ದಲ್ಲ, ಇಲ್ಲಿ ತಂದು ಬಿಟ್ಟದ್ದು ಎಂದಳು. ಸುಮಾರು ಮುನ್ನೂರು ವರ್ಷದ ಹಿಂದೆ, ಆಲ್ಪ್ಸ್ ಬೆಟ್ಟಗಳ ಆಚೆ, ಬೇರೆ ಪಂಥದವರೆಂಬ ಕಾರಣಕ್ಕೆ ಅವಳ ಹಿರಿಯರನ್ನು ಊರು ಬಿಡಿಸಿದ್ದರಂತೆ. ಇಲ್ಲಿಯ ದೊರೆ ಯಾರಿಗೂ ಬೇಡವಾಗಿದ್ದ ಈ ದಿಬ್ಬವನ್ನು ಅವರಿಗೆ ಕೊಟ್ಟ. ಅವರು ಚರ್ಚಿನಲ್ಲಿ, ಶಾಲೆಯಲ್ಲಿ ಫ್ರೆಂಚ್ ಆಡಿದರು. ಹೊಲದಲ್ಲಿ, ಅಡುಗೆಮನೆಯಲ್ಲಿ ತಮ್ಮ ಕಣಿವೆಯ ನುಡಿ. ನಾಲ್ಕಾರು ತಲೆಮಾರು ಹಾಗೇ ನಡೆಯಿತು. ಆಮೇಲೆ ಮೇಲಿನಿಂದ ಅಪ್ಪಣೆ ಬಂತು: ಇನ್ನು ಶಾಲೆಯಲ್ಲೂ ಚರ್ಚಿನಲ್ಲೂ ಜರ್ಮನ್ ಮಾತ್ರ. ಬಾಯಿತಪ್ಪಿ ಫ್ರೆಂಚ್ ಆಡಿದ ಮಕ್ಕಳಿಗೆ ಬೆತ್ತದ ಏಟು ಬೀಳುತ್ತಿತ್ತೆಂದು ಅಜ್ಜಿಯ ಅಜ್ಜಿ ಹೇಳುತ್ತಿದ್ದಳಂತೆ.

ಈಗ ಉಳಿದಿರುವುದು ಹೊಲಗಳ ಹೆಸರು ಮಾತ್ರ. ದಿಬ್ಬದ ತಗ್ಗಿನಲ್ಲಿ ಸದಾ ಜೌಗಾದ ಒಂದು ಹುಲ್ಲುಗಾವಲಿದೆ. ಅದನ್ನು ಆ ಜನ 'ಸಾನ್ಯ' ಎಂದು ಕರೆದಿದ್ದರು. ಅವರ ನುಡಿಯಲ್ಲಿ ಹಾಗೆಂದರೆ ಜೌಗು ನೆಲ. ನಾನು ಅಲ್ಲಿ ಅಗೆದಾಗ ಬೂದು ಬಣ್ಣದ ಜೇಡಿ ಬಂತು, ಗುಂಡಿಯಲ್ಲಿ ನೀರು ತುಂಬಿತು. ಹೆಸರಲ್ಲೇ ಎಲ್ಲ ಇತ್ತು. ನಮ್ಮ ಧಾರವಾಡ ಕಡೆ ಕಪ್ಪು ಮಣ್ಣಿನದು ಎರಿ ಹೊಲ, ಕೆಂಪು ಮಣ್ಣಿನದು ಮಸಾರಿ ಹೊಲ ಎಂದರೆ ಸಾಕು, ಏನು ಬಿತ್ತಬೇಕೆಂದು ಗೊತ್ತಾಗುವುದಿಲ್ಲವೇ, ಹಾಗೆ. ಆದರೆ ಈಗಿನ ಫಲಕದಲ್ಲಿ ಅದು 'ಸಾನೆ' ಹುಲ್ಲುಗಾವಲು. ಜರ್ಮನ್‌ನಲ್ಲಿ ಸಾನೆ ಎಂದರೆ ಕೆನೆ. ಇಲ್ಲಿ ಮೇದ ಹಸು ಕೆನೆ ಕೊಡುತ್ತಿತ್ತೆಂದು ಊರಿನವರು ಪ್ರವಾಸಿಗಳಿಗೆ ಕಥೆ ಹೇಳುತ್ತಾರೆ. ನನಗೆ ನಗು ಬರಲಿಲ್ಲ.

ಆ ಚಳಿಗಾಲದಲ್ಲೇ ಕಿಂಡರ್‌ಗಾರ್ಟನ್‌ನ ಮುಖ್ಯಸ್ಥೆ ನಮ್ಮನ್ನು ಕರೆಸಿದಳು. ನಮ್ಮ ಮಗಳಿಗೆ ಆಗ ಐದು ವರ್ಷ. ಮಗುವಿನ ಜರ್ಮನ್ ಚೆನ್ನಾಗಿದೆ, ಆದರೆ ನಡುನಡುವೆ ಯಾರಿಗೂ ತಿಳಿಯದ ಮಾತು ಬರುತ್ತದೆ, ಉಳಿದ ಮಕ್ಕಳು ನಗುತ್ತಾರೆ ಎಂದಳು. ನಗುವ ಮಕ್ಕಳಿಗೆ ಏನು ಹೇಳಿದಿರಿ ಎಂದು ಕೇಳಿದೆ.

"ಮನೆಯಲ್ಲೂ ಜರ್ಮನ್ನೇ ಮಾತಾಡಿ," ಎಂದಳು. "ಎರಡು ಭಾಷೆ ಮಗುವಿಗೆ ಭಾರ. ನಿಮ್ಮ ಭಾಷೆಯಿಂದ ಇಲ್ಲಿ ಅವಳಿಗೆ ಉಪಯೋಗವೂ ಇಲ್ಲ."

ಅವಳ ಹಿಂದಿನ ಗೋಡೆಯ ಮೇಲೆ ಮಕ್ಕಳು ಬಣ್ಣ ಹಚ್ಚಿದ ಫ್ರೆಂಚ್ ಪದಗಳಿದ್ದವು. ಪರಂಪರೆ ಉಳಿಯಲಿ ಎಂದು ಬುಧವಾರ ಪಟ್ಟಣದಿಂದ ಒಬ್ಬಳು ಬಂದು ಮಕ್ಕಳಿಗೆ ಫ್ರೆಂಚ್ ಹಾಡು ಕಲಿಸುತ್ತಿದ್ದಳು. ಆ ಎರಡನೆಯ ಭಾಷೆ ಯಾರಿಗೂ ಭಾರವಾಗಿರಲಿಲ್ಲ. ಬೆರಳು ತೋರಿಸಿ ಕೇಳಿಯೇಬಿಡೋಣ ಎನ್ನುವಷ್ಟರಲ್ಲಿ ನನ್ನ ಗಂಡ, ಆಯಿತು, ಪ್ರಯತ್ನಿಸುತ್ತೇವೆ ಎಂದು ಎದ್ದುಬಿಟ್ಟರು.

ಹೊರಗೆ ಬಂದ ಮೇಲೆ ನಾನು ರೇಗಿದೆ.

"ಬಿಡ ಇನ್ನ," ಅಂದರು ಅವರು. "ಇದ ಊರಾಗ ಇರೋರು ನಾವು. ಇಷ್ಟಕ್ಕ ಯಾಕ ಇಶ್ಯೂ ಮಾಡ್ತೀ?"

ಅಂದಿನಿಂದ ಅವರು ಮಗಳ ಜೊತೆ ಜರ್ಮನ್ ಆಡತೊಡಗಿದರು, ಅದೂ ಆಫೀಸಿನ ಒರಟು ಜರ್ಮನ್. ಅವಳು ಬೇಗನೆ ಕಲಿತಳು. ನಾನು ಕರೆತರಲು ಹೋದಾಗ ಗೇಟಿನ ಹತ್ತಿರ ಕನ್ನಡ ಮಾತಾಡಬೇಡ ಎಂದು ಜರ್ಮನ್‌ನಲ್ಲೇ ಪಿಸುಗುಟ್ಟುವಷ್ಟು. ಒಂದು ಭಾನುವಾರ ನಮ್ಮವ್ವ ವಿಡಿಯೋದಲ್ಲಿ "ಉಂಡೇನವಾ?" ಎಂದು ಕೇಳಿದರೆ ಮಗು ನನ್ನ ಮುಖ ನೋಡಿತು. ಮೂರು ತಿಂಗಳ ಹಿಂದೆ ಇದೇ ಹುಡುಗಿ ಅಜ್ಜಿಗೆ ಕಥೆ ಹೇಳುತ್ತಿದ್ದಳು. ಅವ್ವ ಮತ್ತೊಮ್ಮೆ ಕೇಳಲಿಲ್ಲ. ಆ ಹೊತ್ತಿನ ಸಿಟ್ಟು ನನ್ನಲ್ಲಿ ಇನ್ನೂ ಹಾಗೇ ಇದೆ.

ಬೇಸಿಗೆಯಲ್ಲಿ ಊರು ಹುಟ್ಟಿದ ಹಬ್ಬ ಬಂತು. ಬೀದಿಯುದ್ದಕ್ಕೂ ಫ್ರೆಂಚ್ ಬಾವುಟ, ಚೀಸ್, ವೈನ್. ಕಿಂಡರ್‌ಗಾರ್ಟನ್‌ನ ಮುಖ್ಯಸ್ಥೆ ಹಳೆಯ ಕಾಲದ ಬಿಳಿ ಟೊಪ್ಪಿಗೆ ಹಾಕಿಕೊಂಡಿದ್ದಳು. ಗಾಯನ ತಂಡ ಒಂದು ಫ್ರೆಂಚ್ ಕೀರ್ತನೆ ಹಾಡಿತು. ಹಾಡಿದವರಿಗೂ ಅರ್ಥ ಗೊತ್ತಿರಲಿಲ್ಲ. ಹಬ್ಬದ ಸಮಿತಿಯ ಅಧ್ಯಕ್ಷ ಹಿರಿಯರ ಕಷ್ಟ ವರ್ಣಿಸಿ ಕಣ್ಣೊರೆಸಿಕೊಂಡ. ಆಮೇಲೆ, ಹೊಸದಾಗಿ ಬಂದವರನ್ನು ಈ ಊರು ಇಂದಿಗೂ ಹೇಗೆ ಬರಮಾಡಿಕೊಳ್ಳುತ್ತದೆ ಎಂದು ಎರಡು ಮಾತು ಹೇಳಿ ಎಂದು ನನ್ನ ಕೈಗೆ ಮೈಕ್ ಕೊಟ್ಟ. ನಾವು ಮಾಡಿ ತಂದಿದ್ದ ಸಮೋಸದ ಮೇಜಿನ ಹಿಂದೆ ನಿಂತಿದ್ದ ಗಂಡ ಬೇಡ ಎಂಬಂತೆ ತಲೆಯಾಡಿಸಿದ್ದು ಕಾಣಿಸಿತು.

ನಾನು ಜರ್ಮನ್‌ನಲ್ಲಿ ನಿಧಾನವಾಗಿ ಹೇಳಿದೆ: "ನಿಮ್ಮ ಹಿರಿಯರ ಮಕ್ಕಳಿಗೂ ಅವರ ಭಾಷೆ ಬೇಡ ಎಂದಿದ್ದರು. ಅದನ್ನು ನೆನೆದು ನೀವು ಇವತ್ತು ಅಳುತ್ತಿದ್ದೀರಿ. ನನ್ನ ಮಗಳಿಗೂ ಈ ಊರು ಅದನ್ನೇ ಹೇಳಿದೆ. ಬೆತ್ತ ಒಂದಿಲ್ಲ, ಅಷ್ಟೇ."

ಅಧ್ಯಕ್ಷ ಮೈಕ್ ತೆಗೆದುಕೊಂಡು, ಇದು ಸಂತೋಷದ ದಿನ ಎಂದು ಹೇಳಿ ಬ್ಯಾಂಡಿನವರಿಗೆ ಕೈಸನ್ನೆ ಮಾಡಿದ. ಮುಖ್ಯಸ್ಥೆ ನೇರವಾಗಿ ಬಂದು, ತನ್ನ ಮಾತನ್ನು ನಾನು ತಪ್ಪು ತಿಳಿದಿದ್ದೇನೆ ಎಂದಳು. ಅವಳು ಅಂದದ್ದನ್ನೇ ಅವಳದೇ ಪದಗಳಲ್ಲಿ ತಿರುಗಿ ಹೇಳಿದೆ. ಹೊರಟುಹೋದಳು.

ಪಕ್ಕದ ಮನೆಯ ಅಜ್ಜಿಯಾದರೂ ನನ್ನ ಕಡೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಮರುದಿನ ಬೇಲಿಯ ಹತ್ತಿರ ಅವಳೇ ಕರೆದಳು. "ನೀನು ಹೇಳಿದ್ದು ಸುಳ್ಳಲ್ಲ," ಎಂದಳು. "ಆದರೆ ನಮಗೆ ಉಳಿದಿರುವುದು ವರ್ಷದಲ್ಲಿ ಆ ಒಂದು ದಿನ. ಅದನ್ನೂ ಕೆಡಿಸಿದೆ."

ಅವಳ ಮೇಲೂ ಸಿಟ್ಟು ಬಂತು. ಬೆತ್ತದ ಕಥೆ ಹೇಳಿದವಳು ಅವಳೇ ಅಲ್ಲವೇ? ಉಳಿದದ್ದು ಒಂದೇ ದಿನ ಎಂದಾದರೆ ಅದನ್ನು ಹಾಗೆ ಮಾಡಿದ್ದು ನಾನಲ್ಲವಲ್ಲ. ಆದರೂ ಎದುರಾಡಲಿಲ್ಲ. ಅವಳ ಕಣ್ಣು ಕೆಂಪಾಗಿತ್ತು.

ಕಿಂಡರ್‌ಗಾರ್ಟನ್‌ನಲ್ಲಿ ನಮ್ಮ ಮನೆಯ ಭಾಷೆಯ ಮಾತನ್ನು ಮತ್ತೆ ಯಾರೂ ಎತ್ತಿಲ್ಲ. ನನ್ನ ಗಂಡ ಹದಿನೈದು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಈಗ ಅಪ್ಪ ಮಗಳದು ಜರ್ಮನ್, ನನ್ನದು ಕನ್ನಡ, ಒಂದೇ ಊಟದ ಮೇಜಿನಲ್ಲಿ. ನಾನು ಕೇಳಿದ್ದಕ್ಕೆ ಮಗಳು ಬಹಳ ಸಲ ಜರ್ಮನ್‌ನಲ್ಲೇ ಉತ್ತರಿಸುತ್ತಾಳೆ. ನಾನು ಬಿಟ್ಟುಕೊಡುವುದಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ, ಅವಳು ಕನ್ನಡದಲ್ಲಿ ಒಂದು ಮಾತಾದರೂ ಆಡುವತನಕ. ಹಟಮಾರಿ ಎನ್ನುತ್ತಾರೆ ಇವರು. ಅನ್ನಲಿ.