ಉಡದಾರಕ್ಕೆ ಕಟ್ಟಿದ ಬಿಲ್ಲೆ

ಇದಕ್ಕೆ ನನಗೆ ತಗುಲಿದ್ದು ಒಂದು ಜೋಡಿ ಎತ್ತು, ಒಂದು ಹಂಗಾಮಿನ ದುಡಿಮೆ, ಮತ್ತು ತಂಗಿಯ ಮನೆಯಲ್ಲಿ ನನಗಿದ್ದ ಮರ್ಯಾದೆಯಲ್ಲಿ ಅರ್ಧ. ಎತ್ತು ಮಾರಿದ್ದು ಓಡಾಟಕ್ಕೆ. ಹಂಗಾಮು ಹೋದದ್ದು ಆಳಂದದ ದನದ ಸಂತೆಯಲ್ಲಿ ನಿಲ್ಲಬೇಕಾದ ದಿನ ಜೇವರ್ಗಿಯ ಬಸ್ಸಿನಲ್ಲಿ ಕುಳಿತದ್ದಕ್ಕೆ. ಇನ್ನು ಮರ್ಯಾದೆ. ತಂಗಿ ತನ್ನ ಮಗನ ಕೊರಳಿಂದ ಆಣೆ ಹಾಕಿ ತೆಗೆಸಿದ್ದ ಒಂದು ತಗಡಿನ ಬಿಲ್ಲೆಯನ್ನು ಮತ್ತೆ ಅವನ ಮೈಮೇಲೆ ಹಾಕಿಸಬೇಕೆಂದು ನಾನು ಹಟ ಹಿಡಿದೆ, ಅದಕ್ಕೆ ಹೋಯಿತು.

ನಾನು ದನದ ದಲ್ಲಾಳಿ. ಊರು ನರೋಣಾ ಕಡೆ. ಅಪ್ಪ ಬಿಟ್ಟುಹೋದದ್ದು ಏನೂ ಇಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುವ ವಿದ್ಯೆ ಒಂದನ್ನೇ ನಂಬಿ ಮನೆ ಕಟ್ಟಿದವನು ನಾನು. ತಂಗಿಯನ್ನು ಕೊಟ್ಟದ್ದು ಅಫಜಲಪುರಕ್ಕೆ. ಅವಳ ಮಗ ಟಿಪ್ಪರ್ ಓಡಿಸುತ್ತಿದ್ದ. ಹೊರದೇಶದಲ್ಲಿ ಗೋದಾಮಿನ ಟ್ರಕ್ ಓಡಿಸುವ ಕೆಲಸ ಐತಿ ಅಂತ ಏಜೆಂಟನೊಬ್ಬ ಕರೆದುಕೊಂಡು ಹೋದ. ಅಲ್ಲಿ ಇಳಿದ ಮೇಲೆ ಓದಲು ಬಾರದ ಲಿಪಿಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಹಸಿರು ಬಟ್ಟೆ ತೊಡಿಸಿದರು. ಗೋದಾಮು ಅಂದದ್ದು ಸೈನ್ಯದ ಗೋದಾಮು, ಟ್ರಕ್ಕಿನಲ್ಲಿ ಇದ್ದದ್ದು ಮದ್ದುಗುಂಡು. ದೇಶದ ಹೆಸರು ಬರೆಯುವುದಿಲ್ಲ. ಹುಡುಗ ಇನ್ನೂ ಮನೆಗೆ ಬಂದಿಲ್ಲ. ನನ್ನ ಬರಹದಿಂದ ಅವನಿಗೆ ಒಂದು ಕೂದಲಿನಷ್ಟೂ ತ್ರಾಸ ಆಗಬಾರದು.

ಮೊದಮೊದಲು ವಾರಕ್ಕೊಮ್ಮೆ ವಿಡಿಯೋ ಕಾಲ್ ಬರುತ್ತಿತ್ತು. ಒಂದು ಸಲ ತಂಗಿಗೆ ಅವನ ಕೊರಳಲ್ಲಿ ಲಿಂಗದ ಕರಡಿಗೆಯ ಪಕ್ಕ ಹೊಳೆಯುವ ಬಿಲ್ಲೆ ಕಂಡಿತು.

"ಅದೇನೋ ಕೊರಳಾಗ?"

"ನಂಬರ್ ಬಿಲ್ಲೆ ಬೇ ಅವ್ವ. ಎಲ್ಲಾರಿಗೂ ಕೊಡ್ತಾರ. ಸತ್ತರ ಯಾರ ಹೆಣ ಅಂತ ಗುರ್ತು ಹಿಡೀಲಿಕ್ಕಿ."

ಚಾಷ್ಟಿಗೆ, ನಗುತ್ತ ಅಂದನಂತೆ. ತಂಗಿ ಆ ದಿನ ಉಣ್ಣಲಿಲ್ಲ. ನಮ್ಮ ಮನೆತನಗಳಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಮೇಲೆ ಇರುತ್ತದೆ. ಅದರ ಮಗ್ಗುಲಲ್ಲೇ ಹೆಣದ ಚೀಟಿ ತೂಗಾಡುವುದೆಂದರೆ ಸಾವಿಗೆ ಮನೆಯ ದಾರಿ ತೋರಿಸಿದ ಹಾಗೆ ಎಂದು ಅವಳಿಗೆ ಅನ್ನಿಸಿತು. ಲಿಂಗ ಮುಟ್ಟಿಸಿ ಆಣೆ ಹಾಕಿಸಿದಳು. ಅವನು ಬಿಲ್ಲೆ ಬಿಚ್ಚಿ ಟ್ರಕ್ಕಿನ ಡಬ್ಬಿಯಲ್ಲಿ ಇಟ್ಟ. ನನಗೆ ಹೇಳಿದಾಗ ನಾನೂ "ಛಲೋ ಮಾಡಿದಿ" ಅಂದೆ. ಯಾರು ಬೇಕಾದರೂ ಹಾಗೇ ಅನ್ನುತ್ತಿದ್ದರು.

ನಾನು ಓಡಾಡುತ್ತಿದ್ದದ್ದು ಅವನ ಬಿಡುಗಡೆಗೆ. ಕಚೇರಿಗಳಿಗೆ ಅರ್ಜಿ ಕೊಟ್ಟೆ, ದಿಲ್ಲಿಗೆ ಹೋಗುವವರ ಕಿಸೆಯಲ್ಲಿ ಅರ್ಜಿಯ ನಕಲು ಇಟ್ಟು ಕಳಿಸಿದೆ. ಎಲ್ಲರೂ ಚಹಾ ಕುಡಿಸಿದರು. ಕಡೆಗೆ ಯಾರೋ ಹೇಳಿದರೆಂದು ಜೇವರ್ಗಿಯ ವಕೀಲರೊಬ್ಬರ ಹತ್ತಿರ ಹೋದೆ. ಹೆಣ್ಣುಮಗಳು, ವಯಸ್ಸು ನನ್ನ ಮಗಳಷ್ಟು. ಹೊಲದ ಬಾಂದಿನ ಜಗಳ, ಪಾಲಿನ ಜಗಳ ಬಿಟ್ಟರೆ ಬೇರೆ ಕೇಸು ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಇದರ ಕಾನೂನು ಓದಿ ಹೇಳಲು ಸಮಯ ಕೇಳಿದರು. ಎರಡನೆಯ ಸಲ ಹೋದಾಗ ಬಿಡುಗಡೆಯ ಮಾತಿಗಿಂತ ಮೊದಲು ಬೇರೆಯೇ ಕೇಳಿದರು.

"ಕಾಕಾ, ಹುಡುಗ ಸಮವಸ್ತ್ರ ಹಾಕ್ತಾನೇನ್ರಿ? ಕೊರಳಾಗ ಬಿಲ್ಲೆ ಅದ ಏನು?"

ನಾನು ನಡೆದದ್ದು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅದನ್ನ ಯಾಕ ತೆಗೆಸಿದ್ರಿ? ಮೋಸದಿಂದ ಸಹಿ ಮಾಡಿಸಿರಬಹುದು, ಆದ್ರ ಸದ್ಯಕ್ಕ ಅವ ಆ ಸೈನ್ಯದ ಮನಿಷ್ಯಾ. ಎದುರಿನವರು ಹಿಡದ್ರ ಯುದ್ಧಕೈದಿ ಅಂತ ಇಟ್ಕೋಬೇಕು. ಹೊಡೀಬಾರದು, ಕೊಲ್ಲಬಾರದು, ಹಿಡದೇವಿ ಅಂತ ಸುದ್ದಿ ಮುಟ್ಟಿಸಬೇಕು, ಯುದ್ಧ ಮುಗದ ಮ್ಯಾಲ ಕಳಿಸಬೇಕು. ಇದು ದೇಶದೇಶಗಳು ಕೂಡಿ ಒಪ್ಪಿಕೊಂಡ ಕಾನೂನು. ಬಿಲ್ಲೆ ಇಲ್ಲ, ಮೈಮ್ಯಾಲ ಸಮವಸ್ತ್ರ ಇಲ್ಲ ಅಂದ್ರ, ಇವ ಗೂಢಚಾರ, ರೊಕ್ಕಕ್ಕ ಬಂದ ಬಾಡಿಗಿ ಬಂಟ ಅಂತ ಅವರು ಅನ್ನಲಿಕ್ಕಿ ದಾರಿ ಆಗ್ತದ. ಬಾಡಿಗಿ ಬಂಟಗ ಯುದ್ಧಕೈದಿಯ ಹಕ್ಕು ಇಲ್ರಿ."

"ಅಂದ್ರ ಯಾವ ನೌಕರಿಯಿಂದ ಬಿಡಿಸಬೇಕಂತ ನಾ ಓಡಾಡಾಕತ್ತೇನಿ, ಅದೇ ನೌಕರಿಯ ಗುರ್ತು ಗಟ್ಟಿ ಹಿಡ್ಕೋ ಅನ್ನಬೇಕೇನ್ರಿ?"

"ಬಿಡಿಸೂತನಕ ಹಂಗೇ ಅನ್ರಿ."

"ಈ ಕಾನೂನು ಯಾವ ಮಗ ಕೇಳ್ತಾನ್ರಿ ಮೇಡಂ? ದಿನಾ ಟೀವಿಯಾಗ ದವಾಖಾನಿ ಮ್ಯಾಲೇ ಬಾಂಬ್ ಹಾಕಾಕತ್ತಾರ."

ಅವರು ಸಿಟ್ಟಾಗಲಿಲ್ಲ. ಅವರಿಗೂ ದಣಿವಾಗಿತ್ತು ಅಂತ ಕಾಣುತ್ತದೆ. "ಬಾಂದಿನ ಕಲ್ಲು ಇದ್ರೂ ಒತ್ತುವವ್ರು ಒತ್ತತಾರ. ಹಂಗಂತ ನಿಮ್ಮ ಹೊಲದ ಕಲ್ಲು ನೀವೇ ಕಿತ್ತು ಒಗೀತೀರೇನು?" ಅಂದರು.

ಹೊರಗೆ ಬಂದು ಬಿಲ್ಲೆ ಮತ್ತೆ ಹಾಕಿಕೋ ಎಂದು ಹುಡುಗನಿಗೆ ಸಂದೇಶ ಕಳಿಸಿದೆ. ಮರುದಿನ ಅವನೇ ಫೋನ್ ಮಾಡಿದ.

"ಲಿಂಗ ಮುಟ್ಟಿ ಆಣಿ ಮಾಡೀನಿ ಮಾಮಾ. ಅವ್ವ ಹಾಕ್ಕೋ ಅಂದ್ರ ಹಾಕ್ಕೋತೀನಿ. ನೀವು ಅಂದ್ರ ಆಗೂದಿಲ್ಲ."

ಹಾಗಾಗಿ ಅಫಜಲಪುರಕ್ಕೆ ಹೋದೆ. ತಂಗಿ ರೊಟ್ಟಿ ಬಡಿಯುತ್ತಿದ್ದಳು. ನಾನು ಕಾನೂನು ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

"ಎತ್ತು ಮಾರಿದಂಗ ನನ್ನ ಮಗನ್ನೂ ಮಾರಾಕ ಬಂದೀಯೇನು ಅಣ್ಣಾ? ನಂಬರ್ ಬಡದು ಕಟ್ಟಾಕ ಅವನೇನು ಸಂತಿ ದನಾ?"

"ದನಕ್ಕ ಗುರ್ತು ಇದ್ರ ಕಳದ್ರೂ ಸಿಗ್ತದ ತಂಗಿ."

"ಸತ್ತದ್ದೂ ಸಿಗ್ತದ."

ಚಹಾ ಕೇಳಿದೆ, ಕೊಡಲಿಲ್ಲ. ಆ ದಿನ ಹಾಗೇ ವಾಪಸ್ ಬಂದೆ. ಮುಂದಿನ ವಾರ ಮತ್ತೆ ಹೋದೆ. ಬಸ್ಸಿನಲ್ಲಿ ಕುಳಿತಾಗಲೇ ನನ್ನ ಕಸುಬಿನ ಬುದ್ಧಿ ಕೆಲಸ ಮಾಡಿತು. ಸಂತೆಯಲ್ಲಿ ಎದುರಿನವನು ಯಾವುದನ್ನು ಬಿಟ್ಟುಕೊಡುವುದೇ ಇಲ್ಲ ಎಂದು ಮೊದಲು ತಿಳಿಯಬೇಕು. ಅದಕ್ಕೆ ಕೈ ಹಾಕಬಾರದು, ಉಳಿದದ್ದನ್ನು ಕೇಳಬೇಕು. ತಂಗಿ ಬಿಟ್ಟುಕೊಡದೇ ಇದ್ದದ್ದು ಕೊರಳನ್ನು. ಅದು ಲಿಂಗದ ಜಾಗ. ವಕೀಲರಿಗೆ ದಾರಿಯಲ್ಲೇ ಫೋನ್ ಮಾಡಿ ಕೇಳಿದೆ: ಬಿಲ್ಲೆ ಕೊರಳಲ್ಲೇ ಇರಬೇಕೆಂದು ಕಾನೂನಿನಲ್ಲಿ ಬರೆದಿದೆಯೇ? "ಇಲ್ರಿ ಕಾಕಾ, ಮೈಮ್ಯಾಲ ಇದ್ರ ಸಾಕು. ಹಿಡದಾಗ ತೋರಿಸ್ಲಿಕ್ಕಿ ಬರಬೇಕು ಅಷ್ಟ," ಅಂದರು.

"ತಂಗಿ, ಕೊರಳ ಮಾತು ಬಿಟ್ಟೆ," ಅಂದೆ ಒಳಗೆ ಕಾಲಿಡುತ್ತಲೇ. "ಕೊರಳಾಗ ಲಿಂಗ ಒಂದೇ ಇರ್ಲಿ. ಅವನ ಉಡದಾರಕ್ಕ ಕಟ್ಟಿಸು."

ಸೊಂಟದ ಆ ಕರಿ ದಾರವನ್ನು ಅವನಿಗೆ ಕೂಸಿದ್ದಾಗ ಕಟ್ಟಿದವಳು ಅವಳೇ.

"ಉಡದಾರಕ್ಕ ಕೀಲಿ ಕಟ್ಕೋತಾರ, ತಾಯಿತ ಕಟ್ಕೋತಾರ," ಅಂದಳು ಕಡೆಗೆ. "ಕೀಲಿ ಅಂತ ತಿಳ್ಕೋತೀನಿ. ಆದ್ರ ನೀನು ಇನ್ನೊಮ್ಮೆ ನನ್ನ ಮನ್ಯಾಗ ಕುಂತು ಹೆಣದ ಮಾತು ಆಡಿದಿ ಅಂದ್ರ ಚಪ್ಪಲಿ ಹಾಕ್ಕೊಂಡು ನಡಿ."

ಅವತ್ತೇ ಫೋನಿನಲ್ಲಿ ಹೇಳಿದಳು. ಹುಡುಗ ನಮ್ಮ ಮುಂದೆಯೇ ಕಟ್ಟಿ ತೋರಿಸಿದ. ನಗಲಿಲ್ಲ.

ಆಮೇಲೆ ಫೋನ್ ಬರುವುದು ನಿಂತಿತು. ಒಂದು ಮಳೆಗಾಲ ಪೂರ್ತಿ ಸುದ್ದಿ ಇಲ್ಲ. ತಂಗಿ ನನ್ನ ಜೊತೆ ಮಾತು ಬಿಟ್ಟಳು. ಬಿಲ್ಲೆ ಕಟ್ಟಿಸಿದ್ದಕ್ಕೇ ಹೀಗಾಯಿತು ಎಂದು ಓಣಿಯಲ್ಲಿ ಹೇಳಿದಳಂತೆ. ನಾನು ಬೇಡ ಎನ್ನಲಿಲ್ಲ. ಯಾರನ್ನಾದರೂ ಬೈಯಬೇಕು, ನಾನು ಹತ್ತಿರ ಇದ್ದೆ.

ಕೊನೆಗೆ ಒಂದು ಚೀಟಿ ಬಂತು, ಕೈದಿಗಳ ಸುದ್ದಿ ಮನೆಗೆ ಮುಟ್ಟಿಸುವವರ ಕಡೆಯಿಂದ. ಎದುರು ಪಾಳೆಯದವರು ಅವನ ಟ್ರಕ್ ಹಿಡಿದಿದ್ದರು. ಕಾಲಿಗೆ ಗಾಯ ಆಗಿತ್ತು, ಈಗ ವಾಸಿ. ಸೊಂಟದ ಬಿಲ್ಲೆ ನೋಡಿ ನಂಬರ್ ಬರೆದುಕೊಂಡರು, ದಿನಕ್ಕೆ ಎರಡು ಸಲ ಉಣ್ಣಲು ಕೊಡುತ್ತಾರೆ ಎಂದು ಅವನದೇ ಕೈಬರಹ. ಬಿಲ್ಲೆಯಿಂದಲೇ ಉಳಿದ ಎಂದು ನಾನು ಹೇಳುವುದಿಲ್ಲ. ಅವನ ಜೊತೆಯ ಒಬ್ಬನ ಸುದ್ದಿ ಇವತ್ತಿಗೂ ಇಲ್ಲ, ಅವನ ಕೊರಳಲ್ಲೂ ಬಿಲ್ಲೆ ಇತ್ತು. ನಮ್ಮವನು ಮಾತ್ರ ಲೆಕ್ಕಕ್ಕೆ ಸಿಕ್ಕಿದ್ದಾನೆ. ಯುದ್ಧ ಮುಗಿದರೆ ಬರುತ್ತಾನೆ. ಅದು ಯಾವಾಗ ಮುಗಿಯುತ್ತದೆ ಎಂದು ಕೇಳುವುದನ್ನು ನಾವು ಬಿಟ್ಟಿದ್ದೇವೆ. ತಂಗಿ ಈಗ ಚಹಾ ಕೊಡುತ್ತಾಳೆ, ಮಾತು ಕಮ್ಮಿ.

ನಿಮ್ಮ ಮನೆಯಿಂದ ಯಾರಾದರೂ ಹೊರದೇಶಕ್ಕೆ ಹೊರಟಿದ್ದರೆ ಪಗಾರ ಎಷ್ಟು ಎಂದು ಕೇಳುವ ಮೊದಲು ಯಾವ ಬಟ್ಟೆ ತೊಡಿಸುತ್ತಾರೆ ಎಂದು ಕೇಳಿರಿ. ಓದಲು ಬಾರದ ಕಾಗದಕ್ಕೆ ಸಹಿ ಬೇಡ. ಹಾಕಲೇಬೇಕಾದರೆ ಮೊದಲು ಅದರ ಫೋಟೋ ಮನೆಗೆ ಬರಲಿ. ಪಾಸ್‌ಪೋರ್ಟಿನ ನಕಲು, ನಮ್ಮ ರಾಯಭಾರ ಕಚೇರಿಯ ಫೋನ್ ನಂಬರು ಹೋಗುವವನ ಹತ್ತಿರವೂ ಇರಲಿ, ನಿಮ್ಮ ಹತ್ತಿರವೂ ಇರಲಿ. ಅಷ್ಟರ ಮೇಲೂ ಸೈನ್ಯದಲ್ಲಿ ಸಿಕ್ಕಿಬಿದ್ದರೆ, ಬಟ್ಟೆ ಕಿತ್ತೆಸೆದು ಓಡು ಎಂದು ಇಲ್ಲಿಂದ ಹೇಳಬೇಡಿರಿ. ಬಿಲ್ಲೆಯ ನಂಬರು ಕೇಳಿ ಬರೆದಿಟ್ಟುಕೊಂಡು ಪ್ರತಿ ಅರ್ಜಿಯಲ್ಲೂ ಹಾಕಿರಿ. ಹೆಸರು ತಪ್ಪಾಗಿ ಬರೆಯುತ್ತಾರೆ, ನಂಬರು ತಪ್ಪುವುದು ಕಮ್ಮಿ. ಸುದ್ದಿ ನಿಂತರೆ ತಿಂಗಳುಗಟ್ಟಲೆ ಕಾಯದೆ ರಾಯಭಾರ ಕಚೇರಿಗೂ ಕೈದಿಗಳ ಸುದ್ದಿ ಮುಟ್ಟಿಸುವವರಿಗೂ ಅರ್ಜಿ ಕೊಡಿರಿ. ಮತ್ತು ಇದನ್ನೆಲ್ಲ ತಿಳಿದವರ ಹತ್ತಿರ ಹೋಗುವಾಗ ಹುಡುಗನ ತಾಯಿಯನ್ನೂ ಕರೆದುಕೊಂಡು ಹೋಗಿರಿ. ಅವಳು ತನ್ನ ಕಿವಿಯಿಂದಲೇ ಕೇಳಲಿ. ಹುಡುಗ ಕೇಳುವುದು ಅವಳ ಮಾತನ್ನು, ನಿಮ್ಮದನ್ನಲ್ಲ.