ಪಕ್ಕದ ಕುರ್ಚಿ

ಗಿರಾಕಿಯ ಒಂದು ಕೆನ್ನೆ ಮುಗಿಯುವಷ್ಟರಲ್ಲಿ, ಕ್ಷೌರಿಕ ಇಪ್ಪತ್ತು ವರ್ಷ ಯಾರಿಗೆ ಜೈಕಾರ ಕೂಗಿದ್ದನೋ ಆ ನಾಯಕ ಎದುರು ಪಕ್ಷ ಸೇರಿದ ಸುದ್ದಿ ಟಿವಿಯಲ್ಲಿ ಬಂತು. ಕತ್ತಿ ಹಿಡಿದ ಕೈ ಅಲ್ಲೇ ನಿಂತಿತು.

“ಅಣ್ಣಾ, ನಾನೇನೂ ಪಕ್ಷ ಬಿಟ್ಟಿಲ್ಲ. ಇನ್ನೊಂದು ಕೆನ್ನೆನೂ ಮುಗಿಸಿ,” ಎಂದ ಗಿರಾಕಿ.

ಕ್ಷೌರಿಕ ನಗಲಿಲ್ಲ. ಕಳೆದ ಚುನಾವಣೆಯಲ್ಲಿ ಆ ನಾಯಕನಿಗೆ ವೋಟು ಹಾಕದೆ ಮಲಗಿದ್ದನೆಂದು ತಮ್ಮನನ್ನು ಅಂಗಡಿಯಿಂದಲೇ ಓಡಿಸಿದ್ದ. ತಮ್ಮ ಕೊಂಡು ತಂದಿದ್ದ ಪಕ್ಕದ ಕುರ್ಚಿ ಅಂದಿನಿಂದ ಖಾಲಿ. ಗಿರಾಕಿ ಹೋದ ಮೇಲೆ ತಮ್ಮನಿಗೆ ಫೋನ್ ಮಾಡಿದ.

“ಅವನು ನಮಗೆ ಕೈಕೊಟ್ಟ ಕಣೋ. ವಾಪಸ್ ಬಾ.”

“ಯಾರು?” ತಮ್ಮನಿಗೆ ಸುದ್ದಿಯೇ ಗೊತ್ತಿರಲಿಲ್ಲ. ತಿಳಿದ ಮೇಲೂ ಅವನ ದನಿ ಏರಲಿಲ್ಲ. “ಅವನು ನಿನಗೆ ಇವತ್ತು ಕೈಕೊಟ್ಟ. ನೀನು ನನಗೆ ಅವತ್ತೇ ಕೈಕೊಟ್ಟೆಯಲ್ಲಣ್ಣ. ನಾನು ಸ್ವಂತ ಅಂಗಡಿ ಹಾಕ್ತಿದೀನಿ, ನನ್ನ ಕುರ್ಚಿ ಕಳಿಸಿಬಿಡು.”

ಮರುದಿನ ಅಣ್ಣನೇ ಅದನ್ನು ಗಾಡಿಗೆ ಹತ್ತಿಸಿದ.