ನಿಶ್ಚಯದ ದಿನ ಬಾರದ ಎರಡನೆಯ ಸೀನು

ನಮ್ಮ ಮನೆತನದಲ್ಲಿ ಒಂಟಿ ಸೀನು ಬಿದ್ದರೆ ರೋಣದ ಸಂತೆಗೂ ಯಾರೂ ಹೊರಡುವುದಿಲ್ಲ. ಜೋಡಿ ಸೀನಾದರೆ ಶುಭ. ಇಂಥ ಮನೆತನದಲ್ಲಿ ದೇವರು ನನಗೆ ಈ ಮೂಗು ಕೊಟ್ಟ. ಮಳೆಯಾಗಿ ಬದುಗಳ ಮೇಲೆ ಪಾರ್ಥೇನಿಯಂ ಕಸ ಹೂಬಿಟ್ಟಿತೆಂದರೆ ನನ್ನ ಸೀನುಗಳು ಮೆರವಣಿಗೆ ಹೊರಡುತ್ತಿದ್ದವು. ಅವು ಸಮವೋ ಬೆಸವೋ ಎಂದು ಹಿರಿಯರಲ್ಲಿ ವಾದ ಬೆಳೆದು, ಊರಿಗೆ ಹೊರಟವರು ಬಸ್ಸು ತಪ್ಪಿಸಿಕೊಂಡದ್ದುಂಟು.

ಗಜೇಂದ್ರಗಡದ ಡಾಕ್ಟರರು ಉಪಾಯ ಹೇಳಿದರು: ಆ ಹೂಪುಡಿಯನ್ನೇ ಔಷಧ ಮಾಡಿ, ಮೊದಲು ಕಿಂಚಿತ್ತು, ಬರಬರುತ್ತ ತುಸು ಹೆಚ್ಚು, ಮೂಗಿಗೆ ಸಿಂಪಡಿಸಿ ರೂಢಿ ಮಾಡಿಸುವುದು. ವೈರಿಯನ್ನು ಚಹಾಕ್ಕೆ ಕರೆದು ಸಲಿಗೆ ಬೆಳೆಸಿದಂತೆ. ಉಸಿರಿಗೆ ತೊಂದರೆಯಾದೀತೆಂದು ಪ್ರತಿ ಸಲವೂ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಕಾಯುತ್ತಿದ್ದರು. ಸೀನು ಪೂರ್ತಿ ನಿಲ್ಲುತ್ತದೆ ಎನ್ನಲಿಲ್ಲ, ಕಡಿಮೆಯಾದೀತು ಎಂದರು.

ಹೀಗಿರುವಾಗ ಶ್ರಾವಣದಲ್ಲಿ ನನ್ನ ತಂಗಿಯ ಮಗಳ ನಿಶ್ಚಯ ಬಂತು. ನರಗುಂದದ ಹುಡುಗನನ್ನು ಅವಳು ಮನಸಾರೆ ಒಪ್ಪಿದ್ದಳು. ಆದರೆ ಹುಡುಗನ ಅಜ್ಜಿ ಶಕುನದಲ್ಲಿ ನಮಗಿಂತ ಘಟ್ಟಿ. ಹಲ್ಲಿ ಲೊಚಗುಟ್ಟಿತೆಂದು ಹಿಂದೊಂದು ಸಂಬಂಧ ಬಿಟ್ಟು ಎದ್ದವರು. ಎಲೆ-ಅಡಿಕೆಯ ತಾಟು ಕೊಡಬೇಕಾದವನು ಸೋದರಮಾವ, ಅಂದರೆ ಸಾಲಿ ಮಾಸ್ತರನಾದ ನಾನು. ತಂಗಿ ಮುಂಜಾನೆಯೇ ಹೇಳಿದ್ದಳು: "ಅಣ್ಣಾ, ಸೀನೂದಿದ್ರ ಈಗ ಹಿತ್ತಲಕ್ಕ ಹೋಗಿ ಎಲ್ಲಾ ಸೀನಿ ಬಂದುಬಿಡು."

ತಾಟು ಎತ್ತಿದೆ. ಮೂಗಿನ ತುದಿ ಚುರುಗುಟ್ಟಿತು. ಉಸಿರು ಬಿಗಿಹಿಡಿದು ಕುಲದೇವರನ್ನು ನೆನೆದೆ. ಸೀನು ಬಂತು.

ಅಜ್ಜಿ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. "ತಡೀರಿ ಮಾಸ್ತರ. ಇನ್ನೊಂದು ಬರ್ಲಿ."

ಬರಲಿಲ್ಲ. ಆಯುಷ್ಯದಲ್ಲಿ ಮೊದಲ ಸಲ ನನ್ನ ಮೂಗು ಒಂದಕ್ಕೇ ತೃಪ್ತಿಪಟ್ಟಿತ್ತು. ಚಿಕಿತ್ಸೆ ಫಲಿಸಲು ಆರಿಸಿಕೊಂಡ ಮುಹೂರ್ತ ಇದು. ಸೀನು ಬರಲೆಂದು ಬಾಗಿಲಾಚೆಯ ಬಿಸಿಲನ್ನು ದಿಟ್ಟಿಸಿದೆ. ತಂಗಿಯ ಗಂಡ ಓಡಿಹೋಗಿ ಆ ಕಸವನ್ನೇ ಬೇರುಸಮೇತ ಕಿತ್ತು ತಂದು ನನ್ನ ಮೂಗಿಗೆ ಹಿಡಿದ. ಮೂಗು ಸ್ಥಿತಪ್ರಜ್ಞನಂತೆ ಸುಮ್ಮನಿತ್ತು. ಹುಡುಗ ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಬೀಗರಲ್ಲೊಬ್ಬರು ಆಗಲೇ ತಮ್ಮ ಚಪ್ಪಲಿ ಎಲ್ಲಿದೆಯೆಂದು ಕಣ್ಣಾಡಿಸತೊಡಗಿದ್ದರು.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮದುಮಗಳು "ಆಕ್ಷೀ" ಎಂದಳು. ಯಾವ ಪ್ರಾಣಿಯೂ ಹಾಗೆ ಸೀನುವುದಿಲ್ಲ. ಕನ್ನಡ ಸಾಲಿಯಲ್ಲಿ ಅಕ್ಷರ ಬಿಡಿಸಿ ಓದಿದಂತಿತ್ತು.

ಅಜ್ಜಿ ಅವಳನ್ನು ಬಹಳ ಹೊತ್ತು ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ.

"ಇದೇನು ಮೂಗಿಂದ ಬಂದ ಸೀನಲ್ಲ," ಎಂದರು ಅಜ್ಜಿ, ಕೈ ಚಾಚುತ್ತ. "ಹುಡುಗಿಗಿ ಭಾಳ ಮನಸೈತಿ. ಕೊಡ್ರಿ ಮಾಸ್ತರ, ಎಲಿ ಬಾಡತಾವು."